ಒಂದು ಮನೆಯ ಮುಂದೆ ಉಳಿದ ಹಿಮ

ಚಿಕಾಗೋದ ಡೆವಾನ್ ಅವೆನ್ಯೂ ನಮ್ಮವರಿಗೆ ಹೊಸ ಜಾಗವಲ್ಲ. ದಿನಸಿಗೆ, ಸೀರೆಗೆ, ದೋಸೆಗೆ ಅಂತ ದೂರದ ಸಬರ್ಬುಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ. ಜನವರಿಯಲ್ಲಿ ಆರಿಂಚು ಹಿಮ ಬಿದ್ದ ಮಾರನೆಯ ಬೆಳಿಗ್ಗೆ ಅಂಗಡಿಸಾಲು ಬಿಟ್ಟು ಅದರ ಅಡ್ಡಬೀದಿಗಳಿಗೆ ತಿರುಗಿದರೆ ಪ್ರತಿ ವರ್ಷ ಒಂದೇ ನೋಟ. ಮೊದಲ ಐದಾರು ಮನೆಗಳ ಮುಂದಿನ ಕಾಲುದಾರಿಯಲ್ಲಿ ಕಾಂಕ್ರೀಟು ಕಾಣುವಷ್ಟು ಚೊಕ್ಕವಾಗಿ ಹಿಮ ಗೋರಿರುತ್ತಾರೆ, ಉಪ್ಪೂ ಬಿದ್ದಿರುತ್ತದೆ. ಮುಂದಿನ ಮನೆಯ ಮುಂದೆ ಯಾರೂ ಕೈ ಹಾಕಿಲ್ಲ. ನಡೆದುಹೋದವರ ಹೆಜ್ಜೆಗಳು ತುಳಿತುಳಿದು ಗಟ್ಟಿಯಾಗಿ, ಇಪ್ಪತ್ತೈದು ಅಡಿಯುದ್ದದ ಉಬ್ಬುತಗ್ಗಿನ ಐಸ್ ಆಗಿರುತ್ತದೆ. ಅದರಾಚೆ ಮತ್ತೆ ಚೊಕ್ಕ. ಗಟ್ಟಿಮುಟ್ಟಾದವರು ತೋಳು ಚಾಚಿಕೊಂಡು ಹೇಗೋ ದಾಟುತ್ತಾರೆ. ಗಾಲಿಕುರ್ಚಿಯವರ ಪಾಡೇ ಬೇರೆ. ಕುರ್ಚಿಯ ಮುಂದಿನ ಎರಡು ಸಣ್ಣ ಗಾಲಿಗಳು ಎರಡಿಂಚು ಹಿಮಕ್ಕೇ ಹೂತು ಅಡ್ಡ ತಿರುಗಿ ನಿಂತುಬಿಡುತ್ತವೆ. ಚಿಕಾಗೋದ ಹಳೆಯ ಬಡಾವಣೆಗಳಲ್ಲಿ ಗ್ಯಾರೇಜು ಇರುವುದು ಮನೆಗಳ ಹಿಂದಿನ ಓಣಿಯಲ್ಲಿ. ಹಾಗಾಗಿ ಬೀದಿಯ ನಡುವೆ ಕಾರು ಒಳಹೋಗುವ ಡ್ರೈವ್‌ವೇ ಇಳಿಜಾರು ಇರುವುದೇ ಅಪರೂಪ. ಗಾಲಿಕುರ್ಚಿಯಲ್ಲಿರುವವರು ರಸ್ತೆಗೆ ಇಳಿಯಬೇಕಾದರೂ ಬಂದ ದಾರಿಯಲ್ಲೇ ಮೂಲೆಯ ತನಕ ವಾಪಸ್ಸು ಹೋಗಬೇಕು. ಆ ಬೀದಿಯ ಒಂದು ಬದಿಗೆ ಇಪ್ಪತ್ತಕ್ಕೂ ಹೆಚ್ಚು ಮನೆಗಳಿರುತ್ತವೆ. ಉಳಿದವರೆಲ್ಲರೂ ಬೆಳಿಗ್ಗೆ ಬೇಗ ಎದ್ದು ಬೆವರು ಸುರಿಸಿದ್ದು ಆ ಒಬ್ಬರ ಪಾಲಿಗೆ ಇದ್ದೂ ಇಲ್ಲದಂತೆ.

ನನ್ನನ್ನು ಕಾಡುವುದು ಇದೇ. ಹಿಮ ತೆಗೆಯುವುದನ್ನು ನಾವು ಮನೆಮನೆಯ ಲೆಕ್ಕದಲ್ಲಿ ನೋಡುತ್ತೇವೆ, ಕಾನೂನೂ ಹಾಗೇ ನೋಡುತ್ತದೆ. ನಡೆಯುವವರಿಗೆ ಮಾತ್ರ ಅದು ಈ ಮೂಲೆಯಿಂದ ಆ ಮೂಲೆಯವರೆಗಿನ ಒಂದೇ ದಾರಿ. ಊರಲ್ಲಿ ಬೆಳಿಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ನಮ್ಮ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಪೊರಕೆ ನಿಲ್ಲಿಸಿದರೂ ನಡೆದೀತು, ಪಕ್ಕದ ಮನೆಯವರು ರಂಗೋಲಿ ಹಾಕದಿದ್ದರೆ ಯಾರೂ ಜಾರಿ ಬೀಳುವುದಿಲ್ಲ. ಇಲ್ಲಿ ಆ ಅಭ್ಯಾಸ ಸಾಲದು.

ಕಾಯಿದೆಯ ಮಾತು

ಚಿಕಾಗೋ ನಗರದ ನಿಯಮ ಸ್ಪಷ್ಟವಾಗಿದೆ. ಜಾಗದ ಮಾಲೀಕರು ತಮ್ಮ ಆಸ್ತಿಗೆ ತಾಗಿದ ಕಾಲುದಾರಿಯಲ್ಲಿ, ಅಂದರೆ ಸೈಡ್‌ವಾಕಿನಲ್ಲಿ ಕನಿಷ್ಠ 5 ಅಡಿ ಅಗಲದ ದಾರಿ ಮಾಡಿಕೊಡಬೇಕು. ಮೂಲೆಯ ಮನೆಯಾದರೆ ಕ್ರಾಸ್‌ವಾಕಿಗೆ ಇಳಿಯುವ ರ‍್ಯಾಂಪೂ ಅದರಲ್ಲಿ ಸೇರಿದೆ. ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಬಿದ್ದ ಹಿಮವನ್ನು ನಿಂತ ಮೇಲೆ ಆದಷ್ಟು ಬೇಗ, ಹೆಚ್ಚೆಂದರೆ ರಾತ್ರಿ 10ರೊಳಗೆ ತೆಗೆಯಬೇಕು. ರಾತ್ರಿ ಬಿದ್ದದ್ದನ್ನು ಮರುದಿನ ಬೆಳಿಗ್ಗೆ 10ರೊಳಗೆ. ಶನಿವಾರ ಭಾನುವಾರವೆಂಬ ರಿಯಾಯಿತಿ ಇಲ್ಲ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ. ತೆಗೆದ ಹಿಮವನ್ನು ರಸ್ತೆಗೆ, ಬೈಕ್ ಲೇನಿಗೆ, ಬಸ್ ಸ್ಟಾಪಿಗೆ ತಳ್ಳುವ ಹಾಗೂ ಇಲ್ಲ.

ಊರು ಬದಲಾದರೆ ಗಡುವೂ ಬದಲಾಗುತ್ತದೆ. ಬಾಸ್ಟನ್‌ನಲ್ಲಿ ಹಿಮ ನಿಂತ 3 ಗಂಟೆಯೊಳಗೆ, ರಾತ್ರಿ ನಿಂತಿದ್ದರೆ ಸೂರ್ಯೋದಯದಿಂದ 3 ಗಂಟೆಯೊಳಗೆ, 42 ಇಂಚು ಅಗಲ. ನ್ಯೂಯಾರ್ಕ್‌ನಲ್ಲಿ ಹಗಲು ನಿಂತರೆ 4 ಗಂಟೆ. ಮಿನಿಯಾಪೊಲಿಸ್‌ನಲ್ಲಿ ಸಣ್ಣ ಮನೆಗಳಿಗೆ 24 ಗಂಟೆ, ಅಪಾರ್ಟ್‌ಮೆಂಟು ಮತ್ತು ಅಂಗಡಿಗಳಿಗೆ ಹಗಲಿನ 4 ಗಂಟೆ. ಹೊಸದಾಗಿ ಮನೆ ಕೊಂಡವರು ತಮ್ಮ ಊರಿನ ಗಡುವನ್ನು ನವೆಂಬರಿಗೆ ಮೊದಲೇ ನೋಡಿಟ್ಟುಕೊಳ್ಳಬೇಕು. ನಮ್ಮಲ್ಲಿ ಅನೇಕರು ವರ್ಷಗಟ್ಟಲೆ ಅಪಾರ್ಟ್‌ಮೆಂಟಿನಲ್ಲಿದ್ದು ಆಮೇಲೆ ಮನೆ ಕೊಳ್ಳುವವರು. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಏಳುವಷ್ಟರಲ್ಲಿ ಯಾರೋ ಹಿಮ ತೆಗೆದಿರುತ್ತಾರೆ. ಟೌನ್‌ಹೋಮ್ ಆದರೆ ಅಸೋಸಿಯೇಷನ್ನಿನ ಗುತ್ತಿಗೆದಾರ ಬರುತ್ತಾನೆ. ಸ್ವಂತ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಇದು ತಮ್ಮ ತಲೆಯ ಮೇಲಿನ ಕೆಲಸ ಎಂದು ಗೊತ್ತಾಗುವುದು. ಮನೆ ಕೊಂಡು ಬಾಡಿಗೆಗೆ ಕೊಟ್ಟವರು ಇನ್ನೊಂದು ವಿಷಯ ಗಮನಿಸಬೇಕು: ಬಾಡಿಗೆ ಕರಾರಿನಲ್ಲಿ ಹಿಮ ಯಾರು ತೆಗೆಯಬೇಕು ಎಂದು ಬರೆದಿರಲಿ. ಹಾಗೆ ಬರೆದಿದ್ದರೂ ನಗರ ಮೊದಲು ಕೇಳುವುದು ಮಾಲೀಕರನ್ನೇ.

“ತೆಗೆದರೆ ಕೇಸು, ಬಿಟ್ಟರೆ ಏನೂ ಇಲ್ಲ”

ಹಿಮದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ನೀನು ಗೋರಿದ ಮೇಲೆ ಯಾರಾದರೂ ಜಾರಿ ಬಿದ್ದರೆ ನಿನ್ನ ಮೇಲೆ ಕೇಸು ಹಾಕುತ್ತಾರೆ, ಮುಟ್ಟದೇ ಬಿಟ್ಟರೆ ಅದು ದೇವರು ಸುರಿಸಿದ್ದು, ನಿನಗೆ ಸಂಬಂಧವಿಲ್ಲ, ಅಂತ. ಈ ಒಂದು ಮಾತು ಎಷ್ಟು ಜನರ ಕೈಯ ಹಿಮ ಗೋರುವ ಶವೆಲ್ಲನ್ನು ಗ್ಯಾರೇಜಿನಲ್ಲೇ ಉಳಿಸಿದೆಯೋ! ಅದರಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದಕ್ಕೆ ಇಷ್ಟು ಆಯಸ್ಸು. ತಾನಾಗಿ ಬಿದ್ದ ಹಿಮದಿಂದ ಯಾರಿಗಾದರೂ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕಿಲ್ಲ ಎನ್ನುವುದು ಚಿಕಾಗೋ ಇರುವ ಇಲಿನಾಯ್ಸ್ ರಾಜ್ಯದ ನ್ಯಾಯಾಲಯಗಳ ಹಳೆಯ ನಿಲುವು. ತೆಗೆಯಲು ಹೋಗಿ ಇನ್ನೂ ಅಪಾಯ ಮಾಡಿಟ್ಟರೆ ಹೊಣೆ ಬರಬಹುದು ಎಂಬ ಹೆದರಿಕೆ ಅಲ್ಲಿಂದ ಹುಟ್ಟಿದ್ದು.

ಈ ಹೆದರಿಕೆಯನ್ನು ಹೋಗಲಾಡಿಸಲೆಂದೇ ರಾಜ್ಯ 1979ರಲ್ಲಿ ಒಂದು ಕಾಯಿದೆ ಮಾಡಿತು. ವಾಸದ ಮನೆಗಳ ಮುಂದಿನ ಸೈಡ್‌ವಾಕಿನ ಹಿಮ ತೆಗೆಯಲು ಜನರನ್ನು ಪ್ರೋತ್ಸಾಹಿಸುವುದು ರಾಜ್ಯದ ನೀತಿ ಎಂದು ಅದರಲ್ಲೇ ಹೇಳಿದೆ. ಹಿಮ ತೆಗೆದವರ, ತೆಗೆಯಲು ಪ್ರಯತ್ನಿಸಿದವರ ಕೆಲಸ ಪೂರ್ತಿ ಸರಿಯಾಗಿಲ್ಲದಿದ್ದರೂ, ಬೇಕೆಂದೇ ಅಥವಾ ತೀರಾ ಬೇಜವಾಬ್ದಾರಿಯಿಂದ ಅಪಾಯ ಮಾಡಿರದಿದ್ದರೆ ಅವರ ಮೇಲೆ ಹೊಣೆ ಇಲ್ಲ. ಅಂದರೆ ಇಲಿನಾಯ್ಸ್‌ನಲ್ಲಿ ಶವೆಲ್ ಹಿಡಿದವರ ಬೆನ್ನಿಗೆ ಕಾನೂನೇ ನಿಂತಿದೆ. ಒಂದು ಮಿತಿ ಮಾತ್ರ ನೆನಪಿರಲಿ. ಮಾಳಿಗೆಯ ನೀರಿನ ಕೊಳವೆಯನ್ನು ಸೈಡ್‌ವಾಕಿಗೆ ಬಿಟ್ಟು ಅಲ್ಲಿ ಐಸ್ ಕಟ್ಟಿದರೆ, ಅದು ಹಿಮ ತೆಗೆದದ್ದರಿಂದ ಆದದ್ದಲ್ಲ, ಮನೆಯ ದೋಷದಿಂದ ಆದದ್ದು. ಅಂಥದ್ದಕ್ಕೆ ಈ ರಕ್ಷಣೆ ಸಿಗುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಬೇರೆ ಕೆಲವು ರಾಜ್ಯಗಳಲ್ಲಿ ಗಾಳಿ ಬೇರೆ ಕಡೆಗೇ ಬೀಸುತ್ತದೆ: ತಾನಾಗಿ ಬಿದ್ದದ್ದು, ಮನುಷ್ಯರು ಮಾಡಿದ್ದು ಎಂಬ ಭೇದವನ್ನೇ ಮ್ಯಾಸಚೂಸೆಟ್ಸ್ 2010ರಲ್ಲಿ ತೆಗೆದುಹಾಕಿತು. ಅಲ್ಲಿ ಮುಟ್ಟದೇ ಬಿಡುವುದೇ ಹೆಚ್ಚು ಅಪಾಯ.

ಗೋರುವ ಕೆಲಸ

ಇಪ್ಪತ್ತೈದು ಅಡಿ ಅಗಲದ ಸೈಟು, 5 ಅಡಿಯ ದಾರಿ, ಆರಿಂಚು ಹಿಮ. ಒಟ್ಟು 1.8 ಘನ ಮೀಟರಿನಷ್ಟಾಗುತ್ತದೆ. ಒಣ ಪುಡಿ ಹಿಮವಾದರೆ 175 ಕೆಜಿ ಆಸುಪಾಸು, ಮಾರ್ಚಿನ ಒದ್ದೆ ಹಿಮವಾದರೆ 500 ಕೆಜಿ ದಾಟಬಹುದು. ಆದ್ದರಿಂದ ಎತ್ತುವುದನ್ನು ಆದಷ್ಟು ಕಡಿಮೆ ಮಾಡಿ ತಳ್ಳಬೇಕು. ಎರಡಡಿ ಅಗಲದ, ಬಾಗಿದ ಅಲಗಿನ ತಳ್ಳುವ ಶವೆಲ್ ಒಂದು, ಗಟ್ಟಿಯಾದದ್ದನ್ನು ಎಬ್ಬಲು ನೇರ ಉಕ್ಕಿನ ಐಸ್ ಸ್ಕ್ರೇಪರ್ ಒಂದು, ಬಿರುಸಾದ ಪೊರಕೆ ಒಂದು. ಇಷ್ಟಿದ್ದರೆ ಸಾಕು. ಒದ್ದೆ ಹಿಮ ಅಲಗಿಗೆ ಮೆತ್ತಿಕೊಳ್ಳುತ್ತದೆ, ಮೊದಲೇ ಸಿಲಿಕೋನ್ ಸ್ಪ್ರೇಯನ್ನೋ ಅಡುಗೆ ಎಣ್ಣೆಯನ್ನೋ ಸವರಿಟ್ಟರೆ ಜಾರಿ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ಹೊಸ ಹಿಮ ಕಾಂಕ್ರೀಟಿಗೆ ಅಂಟಿರುವುದಿಲ್ಲ, ಅದನ್ನು ಅಂಟಿಸುವುದು ಹೆಜ್ಜೆ. ಹತ್ತು ಜನ ತುಳಿದ ಮೇಲೆ ಅದೇ ಎರಡಿಂಚು ಹಿಮ ಕಲ್ಲಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಶಾಲೆಯ ಮಕ್ಕಳು, ಬಸ್ಸಿಗೆ ಹೋಗುವವರು ನಡೆಯುವ ಮುನ್ನ ಗೋರಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ, ಮಧ್ಯಾಹ್ನದ ಹೊತ್ತಿಗೆ ಸ್ಕ್ರೇಪರ್ ಹಿಡಿದು ಒಂದು ಗಂಟೆ ಜಗ್ಗಾಡುವ ಕೆಲಸವಾಗುತ್ತದೆ. ದೊಡ್ಡ ಹಿಮಪಾತವಾದರೆ ನಿಲ್ಲುವ ತನಕ ಕಾಯದೆ ಎರಡೆರಡು ಇಂಚಿಗೆ ಒಮ್ಮೆ ತಳ್ಳಿಬಿಡುವುದೇ ಒಳ್ಳೆಯದು.

ಮತ್ತೆ, ತೆಗೆದದ್ದನ್ನು ಯಾವ ಕಡೆ ಹಾಕುತ್ತೀರಿ ಎನ್ನುವುದು. ಇದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಸೈಡ್‌ವಾಕಿಗೆ ರಸ್ತೆಯ ಕಡೆಗೆ ನೂರಕ್ಕೆ ಎರಡರಷ್ಟು ಇಳಿಜಾರು ಕೊಟ್ಟಿರುತ್ತಾರೆ, ಮಳೆನೀರು ಹರಿದುಹೋಗಲಿ ಅಂತ. ಮನೆಯ ಕಡೆ ಹಿಮ ಗುಡ್ಡೆ ಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಅದೇ ಇಳಿಜಾರಿನಲ್ಲಿ ದಾರಿಯನ್ನು ಅಡ್ಡ ಹಾಯುತ್ತದೆ, ಸಂಜೆ ಐದಕ್ಕೆ ತೆಳು ಗಾಜಿನ ಪದರವಾಗಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಚೊಕ್ಕವಾಗಿದ್ದ ದಾರಿಯಲ್ಲೇ ರಾತ್ರಿ ಕಣ್ಣಿಗೆ ಕಾಣದ ಬ್ಲ್ಯಾಕ್ ಐಸ್. ಗುಡ್ಡೆ ಯಾವಾಗಲೂ ಸೈಡ್‌ವಾಕ್ ಮತ್ತು ರಸ್ತೆಯ ನಡುವಿನ ಹುಲ್ಲಿನ ಪಟ್ಟಿಯ ಮೇಲಿರಬೇಕು. ನೆಲಮಾಳಿಗೆಯ ಸಂಪ್ ಪಂಪಿನ ನೀರೂ ದಾರಿಯ ಮೇಲೆ ಬಾರದಂತೆ ತಿರುಗಿಸಬೇಕು.

ಉಪ್ಪಿನ ವಿಷಯದಲ್ಲಿ ನಮ್ಮವರದೂ ಇಲ್ಲಿನವರದೂ ಒಂದೇ ತಪ್ಪು: ಗೋರುವ ಬದಲು ಉಪ್ಪು ಸುರಿಯುವುದು. ಗೋರಿ ಮುಗಿದ ಮೇಲೆ ಉಳಿದ ತೆಳು ಪದರಕ್ಕಷ್ಟೇ ಉಪ್ಪು. ಕಾಫಿ ಮಗ್ಗೊಂದರ ತುಂಬ, ಅಂದರೆ 12 ಔನ್ಸ್ ಉಪ್ಪು, ಸೈಡ್‌ವಾಕಿನ ಹತ್ತು ಚೌಕಕ್ಕೆ ಸಾಕು. ಚೌಕವೊಂದು ಐದಡಿಯಾದರೆ ಇಪ್ಪತ್ತೈದು ಅಡಿಯ ಮನೆಗೆ ಅರ್ಧ ಮಗ್. ಹರಳು ಹರಳಿನ ನಡುವೆ ಮೂರಿಂಚು ಅಂತರವಿರಲಿ. ನೆಲದ ಉಷ್ಣತೆ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ಅಂದರೆ 15 ಫ್ಯಾರನ್‌ಹೀಟ್ ಆಸುಪಾಸಿಗೆ ಬಂದರೆ, ಸಾದಾ ಕಲ್ಲುಪ್ಪಿನ ಕೆಲಸ ಬಹುತೇಕ ನಿಂತುಹೋಗುತ್ತದೆ. ಆಗ ಎಷ್ಟು ಸುರಿದರೂ ಹಾಗೇ ಬಿದ್ದಿರುತ್ತದೆ. ಅಂಥ ದಿನ ಕ್ಯಾಲ್ಸಿಯಂ ಕ್ಲೋರೈಡ್ ಬಳಸಬೇಕು, ಅದು ಇನ್ನೂ ಬಹಳ ಕೆಳಗಿನ ಚಳಿಯಲ್ಲೂ ಕರಗಿಸುತ್ತದೆ. ಇಲ್ಲದಿದ್ದರೆ ಕಾಲಿಗೆ ಹಿಡಿತ ಸಿಗಲೆಂದು ಮರಳು. ಬಿಸಿನೀರು ಮಾತ್ರ ಖಂಡಿತ ಬೇಡ, ಐದು ನಿಮಿಷದಲ್ಲಿ ಅದೇ ಐಸ್. ಹಿಡಿತಕ್ಕೆಂದು ಕೆಲವರು ಹಾಕುವ ಬೆಕ್ಕಿನ ಲಿಟ್ಟರ್, ಅಂದರೆ ಬೆಕ್ಕಿನ ಶೌಚಕ್ಕೆಂದು ಹಾಕುವ ಪುಡಿ, ಒದ್ದೆಯಾದರೆ ಕೆಸರಾಗುತ್ತದೆ. ಕಾಂಕ್ರೀಟು ಹೊಸದಾಗಿ ಹಾಕಿದ್ದರೆ ಮೊದಲ ಚಳಿಗಾಲದಲ್ಲಿ ಉಪ್ಪು ತಾಗಿಸಬೇಡಿ, ಮೇಲ್ಪದರ ಚಕ್ಕೆ ಏಳುತ್ತದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ಸಿಹಿನೀರನ್ನು ಕೆಡಿಸಲು ಸಾಕು, ಒಮ್ಮೆ ನೀರಿಗೆ ಸೇರಿದ ಉಪ್ಪಿನ ಕ್ಲೋರೈಡನ್ನು ತೆಗೆಯುವ ಸುಲಭದ ದಾರಿ ಇಲ್ಲ. ಆದ್ದರಿಂದ ಒಣಗಿದ ಮೇಲೆ ಉಳಿದ ಹರಳುಗಳನ್ನು ಗುಡಿಸಿ ಡಬ್ಬಕ್ಕೆ ತುಂಬಿಟ್ಟುಕೊಂಡರೆ ಮುಂದಿನ ಸಲಕ್ಕೆ ಬರುತ್ತದೆ.

ಹಿಮ ಬೀಳುವ ಮುನ್ಸೂಚನೆ ಇದ್ದರೆ ಹಿಂದಿನ ಸಂಜೆಯೇ ಉಪ್ಪುನೀರು ಸಿಂಪಡಿಸುವುದು ಇನ್ನೂ ಒಳ್ಳೆಯ ಉಪಾಯ. ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ, ತೋಟಕ್ಕೆ ಔಷಧ ಹೊಡೆಯುವ ಪಂಪಿನಲ್ಲಿ ಒಣ ನೆಲಕ್ಕೆ ತೆಳುವಾಗಿ ಹೊಡೆಯುವುದು. ಹಿಮ ನೆಲಕ್ಕೆ ಕಚ್ಚುವುದಿಲ್ಲ, ಉಪ್ಪೂ ಕಡಿಮೆ ಖರ್ಚು. ಮಳೆಯಾಗಿ ಶುರುವಾಗುವ ದಿನ ಮಾತ್ರ ಇದು ವ್ಯರ್ಥ, ತೊಳೆದುಹೋಗುತ್ತದೆ.

ಇನ್ನು ಎದೆಯ ಮಾತು. ಚಳಿಗೆ ರಕ್ತನಾಳ ಸಂಕುಚಿಸುತ್ತದೆ, ತೋಳಿನ ಕೆಲಸಕ್ಕೆ ರಕ್ತದೊತ್ತಡ ಏರುತ್ತದೆ, ಎರಡೂ ಒಟ್ಟಿಗೆ ಸೇರುವುದು ಶವೆಲ್ ಹಿಡಿದಾಗ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪ್ರತಿ ಚಳಿಗಾಲ ಇದನ್ನು ಹೇಳುತ್ತದೆ. ದಕ್ಷಿಣ ಏಷ್ಯಾದವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಎಂದು 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯೇ ಗುರುತಿಸಿದೆ. ಮಗನಿಗೆ ಆಫೀಸಿಗೆ ತಡವಾಗುತ್ತದೆಂದು ಊರಿಂದ ಬಂದ ಅಪ್ಪ ಶವೆಲ್ ಹಿಡಿದು ಹೊರಗಿಳಿಯುವುದನ್ನು ದಯವಿಟ್ಟು ತಡೆಯಿರಿ. ಪಕ್ಕದ ಮನೆಯ ಹಿರಿಯರ ವಿಷಯದಲ್ಲೂ ಅಷ್ಟೇ. ನಿಯಮ ಅವರ ಹೆಸರಿಗೇ ಇದ್ದರೂ ಕೆಲಸ ಗಟ್ಟಿಯಿರುವವರದ್ದಾಗಬೇಕು. ಯಾರೂ ಸಿಗದಿದ್ದರೆ ಚಿಕಾಗೋ ನಗರದ ಸ್ನೋ ಕೋರ್ ಎಂಬ ವ್ಯವಸ್ಥೆ ವೃದ್ಧರಿಗೂ ಅಂಗವಿಕಲರಿಗೂ ಸ್ವಯಂಸೇವಕರನ್ನು ಜೋಡಿಸುತ್ತದೆ, ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ಕೇಳಬಹುದು.

ಮೂಲೆ

ಬೀದಿಯಲ್ಲಿ ಅತಿ ಕಷ್ಟದ ಜಾಗ ಮೂಲೆ, ಅತಿ ಹೆಚ್ಚು ಮರೆಯುವ ಜಾಗವೂ ಅದೇ. ಮೂಲೆ ಸೈಟಿಗೆ ಎರಡು ಬದಿ. ಇಪ್ಪತ್ತೈದು ಅಡಿಯ ಜೊತೆಗೆ ಉದ್ದದ 125 ಅಡಿ ಸೇರಿ 150 ಅಡಿ, ಅಂದರೆ ಪಕ್ಕದ ಮನೆಯ ಆರು ಪಟ್ಟು. ಅದರ ಮೇಲೆ ಪ್ಲೋ ಟ್ರಕ್ಕು ರಸ್ತೆಯ ಹಿಮವನ್ನೆಲ್ಲ ತಿರುವಿನಲ್ಲಿ ರ‍್ಯಾಂಪಿನ ಬಾಯಿಗೇ ತಂದು ಒತ್ತಿ ಹೋಗುತ್ತದೆ. ಅದು ಮೇಲಿಂದ ಬಿದ್ದ ಹಗುರ ಹಿಮವಲ್ಲ. ಉಪ್ಪು, ಕೆಸರು, ಐಸಿನ ಗೆಡ್ಡೆ ಸೇರಿ ಮೊಣಕಾಲೆತ್ತರ ಗಟ್ಟಿಯಾದ ಒಡ್ಡು. ತಳ್ಳುವ ಶವೆಲ್ಲಿಗೆ ಅದು ಜಗ್ಗುವುದಿಲ್ಲ. ಕಿರಿದಾದ ಉಕ್ಕಿನ ಶವೆಲ್ಲಿನಿಂದ ತುಂಡು ಮಾಡಿ ಬದಿಗೆ ಹಾಕಬೇಕು. ರ‍್ಯಾಂಪಿನ ತುದಿಯಲ್ಲಿ ಕಣ್ಣು ಕಾಣದವರಿಗೆಂದು ಸಣ್ಣ ಉಬ್ಬುಗಳಿರುವ ಕೆಂಪು ತಟ್ಟೆ ಇರುತ್ತದೆ. ಅಲಗು ಅದಕ್ಕೆ ಸಿಕ್ಕಿ ಉಬ್ಬು ಕಿತ್ತುಬರುತ್ತದೆ, ಆದ್ದರಿಂದ ಕೊನೆಯ ಪದರವನ್ನು ಬಿರುಸು ಪೊರಕೆಯಲ್ಲಿ ಗುಡಿಸಬೇಕು. ರಸ್ತೆಯಂಚಿನ ಚರಂಡಿ ಜಾಲರಿ ಹಿಮದಡಿ ಎಲ್ಲಿದೆ ಎಂದು ಹುಡುಕಿ ಬಿಡಿಸದಿದ್ದರೆ, ಕರಗಿದ ನೀರು ರ‍್ಯಾಂಪಿನ ಬುಡದಲ್ಲೇ ಪಾದ ಮುಳುಗುವಷ್ಟು ನಿಲ್ಲುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಇಷ್ಟೆಲ್ಲ ಮುಗಿಸಿ ಒಳಗೆ ಬರುವಷ್ಟರಲ್ಲಿ ಪ್ಲೋ ಮತ್ತೊಂದು ಸುತ್ತು ಬಂದು ಬಾಯಿ ಮುಚ್ಚಿ ಹೋಗಿರುತ್ತದೆ. ಮೂಲೆಗೆ ಎರಡನೇ ಸುತ್ತು ಬೇಕೇ ಬೇಕು.

ಮೂಲೆಯ ಮನೆಯಲ್ಲಿ ಎಂಬತ್ತರ ವಿಧವೆಯೊಬ್ಬರಿದ್ದರೆ? ನಿಯಮದ ಪ್ರಕಾರ ಇಡೀ 150 ಅಡಿ, ಎರಡು ರ‍್ಯಾಂಪು, ಎಲ್ಲ ಅವರದೇ. ಬೀದಿಯ ಇಪ್ಪತ್ತು ಮನೆಯವರೂ ಆ ಮೂಲೆಯಲ್ಲೇ ರಸ್ತೆ ದಾಟುವವರು. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ರಸ್ತೆಯಲ್ಲಿ ಕುರ್ಚಿ

ಚಿಕಾಗೋದಲ್ಲಿ ಡಿಬ್ಸ್ ಅಂತ ಒಂದು ಪದ್ಧತಿ ಇದೆ. ರಸ್ತೆಬದಿ ಕಾರು ನಿಲ್ಲಿಸುವ ಜಾಗವನ್ನು ಹಿಮದಿಂದ ಬಿಡಿಸಿದವರು ಅಲ್ಲೊಂದು ಹಳೇ ಕುರ್ಚಿಯನ್ನೋ ಇಸ್ತ್ರಿ ಮೇಜನ್ನೋ ಇಟ್ಟು ಹೋಗುತ್ತಾರೆ. ಇದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಆದರೂ ಆ ಕುರ್ಚಿಯನ್ನು ಸರಿಸುವವರು ಕಡಿಮೆ, ಬೆವರು ಸುರಿಸಿದವರ ಹಕ್ಕನ್ನು ಬೀದಿಯೇ ಮನ್ನಿಸುತ್ತದೆ. ಅದೇ ಶವೆಲ್ಲಿನಿಂದ ಹತ್ತಡಿ ಈಚೆಗೆ ಸೈಡ್‌ವಾಕ್ ಗೋರಿದವರಿಗೆ ಅಂಥದ್ದೇನೂ ಸಿಗುವುದಿಲ್ಲ, ಅಲ್ಲಿ ನಡೆಯುವವರು ಬಹುಪಾಲು ಅಪರಿಚಿತರು. ಎರಡು ಗಂಟೆ ಕಾರಿಗೆ ಜಾಗ ಮಾಡಿ, ಸೈಡ್‌ವಾಕನ್ನು ಹಾಗೇ ಬಿಟ್ಟು ಹೋಗುವವರನ್ನು ಕಂಡಾಗ ಬೇಸರವಾಗುತ್ತದೆ. ಕಾರಿಗಾಗಿ ತೆಗೆದ ಹಿಮವನ್ನು ಸೈಡ್‌ವಾಕಿಗೇ ಎಸೆದಿದ್ದರಂತೂ ಸಿಟ್ಟೇ ಬರುತ್ತದೆ.

ನಗರವೂ ಬಹುಕಾಲ ಕಾರಿನ ಕಣ್ಣಿನಿಂದಲೇ ಹಿಮವನ್ನು ನೋಡಿದೆ. 1979ರ ಜನವರಿಯ ಭಾರೀ ಹಿಮಪಾತದಲ್ಲಿ ರಸ್ತೆಗಳೂ ರೈಲುಗಳೂ ಕೆಟ್ಟುನಿಂತವು. ಮುಂದಿನ ತಿಂಗಳೇ ಮೇಯರ್ ಮೈಕಲ್ ಬಿಲಾಂಡಿಕ್ ಪಕ್ಷದ ಒಳಚುನಾವಣೆಯಲ್ಲಿ ಜೇನ್ ಬರ್ನ್ ಎದುರು ಸೋತರು. ಅಂದಿನಿಂದ ಚಿಕಾಗೋದ ಮೇಯರುಗಳಿಗೆ ಪ್ಲೋ ಟ್ರಕ್ಕೆಂದರೆ ಭಯಭಕ್ತಿ. ನೆರೆಹೊರೆಯವರು ಸೈಡ್‌ವಾಕಿನ ಹಿಮ ತೆಗೆಯಲಿ ಎಂದು ರಾಜ್ಯ ಕಾಯಿದೆ ಮಾಡಿದ್ದೂ ಅದೇ ವರ್ಷ. ರಸ್ತೆ ಸರಕಾರದ್ದಾಯಿತು, ಕಾಲುದಾರಿ ಮನೆಯವರದ್ದೇ ಆಗಿ ಉಳಿಯಿತು.

ಬೇರೆ ಊರುಗಳು ಬೇರೆ ದಾರಿ ಹಿಡಿದಿವೆ. ಮಾಂಟ್ರಿಯಾಲ್‌ನಲ್ಲಿ ಸೈಡ್‌ವಾಕಿನ ಅಗಲಕ್ಕೆಂದೇ ಮಾಡಿದ ಸಣ್ಣ ಪ್ಲೋಗಳನ್ನು ನಗರವೇ ಓಡಿಸುತ್ತದೆ. ಟೊರೊಂಟೊ 2021ರ ಚಳಿಗಾಲದಿಂದ ಈ ಕೆಲಸವನ್ನು ಬಹುತೇಕ ಇಡೀ ನಗರಕ್ಕೆ ವಿಸ್ತರಿಸಿತು. ಚಿಕಾಗೋದಲ್ಲಿ ಆಕ್ಸೆಸ್ ಲಿವಿಂಗ್‌ನಂಥ ಅಂಗವಿಕಲರ ಸಂಸ್ಥೆಗಳು ಇದನ್ನೇ ಕೇಳುತ್ತ ಬಂದವು. 2023ರಲ್ಲಿ ನಗರಸಭೆ ಪ್ರಾಯೋಗಿಕ ಯೋಜನೆ ರೂಪಿಸಲು ಕಾರ್ಯತಂಡವೊಂದನ್ನು ಮಾಡಲು ಒಪ್ಪಿತು. ನಗರವೇ ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಖಾಲಿ ಸೈಟು, ಬೀಗ ಬಿದ್ದ ಮನೆ, ರೈಲು ಸೇತುವೆಯ ಕೆಳಗಿನ ದಾರಿ ಇವಕ್ಕೆ ನೆರೆಯವರ ಒಳ್ಳೆಯತನ ಸಾಲುವುದಿಲ್ಲ. ಆದರೆ ಮುಂದಿನ ಹಿಮ ಬೀಳುವಾಗ ಆ ಯಂತ್ರ ನಿಮ್ಮ ಬೀದಿಗೆ ಬಂದಿರುವುದಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೊರಟಾಗ

ಮಕ್ಕಳ ರಜೆ ನೋಡಿಕೊಂಡು ನಾವು ಊರಿಗೆ ಹೋಗುವುದು ಡಿಸೆಂಬರಿನ ಮೂರನೇ ವಾರ, ವಾಪಸ್ಸು ಜನವರಿಯಲ್ಲಿ. ಹಿಮ ಬೀಳುವುದೂ ಆಗಲೇ. ಬೀದಿಯಲ್ಲಿ ತೆಗೆಯದೇ ಉಳಿದ ಆ ಒಂದು ಮನೆ ಅನೇಕ ಸಲ ನಮ್ಮದೇ ಆಗಿರುತ್ತದೆ. ಹೆಜ್ಜೆ ಇಲ್ಲದ ಮೆಟ್ಟಿಲು ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳರಿಗೆ ಹೇಳುತ್ತದೆ ಎಂಬುದು ಬೇರೆ ಮಾತು. ಪ್ಲೋ ಸೇವೆಯವರನ್ನು ಗೊತ್ತು ಮಾಡುವುದಾದರೆ ಮೂರು ಸಂಗತಿ ಬರವಣಿಗೆಯಲ್ಲಿರಲಿ. ಎಷ್ಟು ಇಂಚಿಗೆ ಬರುತ್ತಾರೆ, ಸಾಮಾನ್ಯವಾಗಿ ಎರಡಿಂಚು ಎನ್ನುತ್ತಾರೆ, ಒಂದೂವರೆ ಇಂಚು ಬಿದ್ದು ಐಸಾದರೆ ಬರುವುದಿಲ್ಲ. ಹಣ ಪ್ರತಿ ಸಲಕ್ಕೋ ಇಡೀ ಸೀಸನ್ನಿಗೋ. ಮೂರನೆಯದು ಸೈಡ್‌ವಾಕ್ ಸೇರಿದೆಯೋ ಇಲ್ಲವೋ. ಸಬರ್ಬುಗಳಲ್ಲಿ ಡ್ರೈವ್‌ವೇ ಒಪ್ಪಂದವೆಂದರೆ ಡ್ರೈವ್‌ವೇ ಮಾತ್ರ. ಟ್ರಕ್ಕಿನವನು ಡ್ರೈವ್‌ವೇ ಹಿಮವನ್ನೆಲ್ಲ ತಳ್ಳಿ ಸೈಡ್‌ವಾಕಿನ ಎರಡೂ ಬದಿಗೆ ಗೋಡೆ ಕಟ್ಟಿ ಹೋಗುವುದು ಬಲು ಸಾಮಾನ್ಯ.

ಪಕ್ಕದ ಮನೆಯ ಹೈಸ್ಕೂಲು ಹುಡುಗನಿಗೋ ಹುಡುಗಿಗೋ ಹಣ ಕೊಟ್ಟು ಒಪ್ಪಿಸುವುದು ಇದಕ್ಕಿಂತ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಬೀದಿಯವರೆಲ್ಲ ಸೇರಿ ಮಾಡಿಕೊಳ್ಳುವ ಏರ್ಪಾಡು. ನವೆಂಬರಿನಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿ. ಹಿಮ ಹೀರಿ ಬದಿಗೆ ಎಸೆಯುವ ಯಂತ್ರ, ಸ್ನೋ ಬ್ಲೋವರ್, ಯಾರ ಬಳಿ ಇದೆ, ಪೆಟ್ರೋಲಿಗೆ ಯಾರು ಎಷ್ಟು ಹಾಕುತ್ತಾರೆ ಎಂದು ಮಾತಾಡಿಕೊಳ್ಳಿ. ಒಬ್ಬರು ಬ್ಲೋವರ್ ಹಿಡಿದು ಮೂಲೆಯಿಂದ ಮೂಲೆಗೆ ಹೋಗಿಬರುವುದು ಇಪ್ಪತ್ತು ಮನೆಯವರು ಬೇರೆಬೇರೆ ಹೊತ್ತಿಗೆ ಹೊರಬರುವುದಕ್ಕಿಂತ ಬೇಗ ಮುಗಿಯುತ್ತದೆ, ನಡುವೆ ತೂತೂ ಬೀಳುವುದಿಲ್ಲ. ಮೆಟ್ಟಿಲು, ಬಾಗಿಲ ತನಕದ ದಾರಿ ಆಯಾ ಮನೆಯವರು ನೋಡಿಕೊಳ್ಳಲಿ. ಎರಡು ಮೂಲೆಗಳ ರ‍್ಯಾಂಪಿಗೆ ಬ್ಲೋವರ್ ಇಲ್ಲದ ಇಬ್ಬಿಬ್ಬರು ಉಕ್ಕಿನ ಶವೆಲ್ ಹಿಡಿಯಲಿ, ಪ್ಲೋ ಹೋದ ಮೇಲೆ ಇನ್ನೊಮ್ಮೆ ಹೋಗಲು ಬೇರೆ ಇಬ್ಬರು. ಊರಿಗೆ ಹೋಗುವವರು ಹೊರಡುವ ಮುನ್ನ ಒಂದು ಮೂಟೆ ಉಪ್ಪನ್ನೂ ಒಂದು ಮಗ್ಗನ್ನೂ ಮುಂಬಾಗಿಲ ಪಕ್ಕದಲ್ಲಿಟ್ಟು, ಗುಂಪಿನಲ್ಲಿ ದಿನಾಂಕ ಹಾಕಿ ಹೋಗಲಿ. ಬೀಗ ಬಿದ್ದ ಮನೆ, ಖಾಲಿ ಸೈಟು ಇದ್ದರೆ ಅದನ್ನೂ ಬ್ಲೋವರಿನವರೇ ಹಾದುಹೋಗಲಿ, 311ಕ್ಕೆ ಒಬ್ಬರು ಬರೆಯಲಿ, ಯಾರು ಅನ್ನುವುದನ್ನು ಮೊದಲೇ ಹೆಸರಿಸಿಟ್ಟಿರಲಿ.